ಮೂರು ವಾರದಲ್ಲಿ ಸೇಲ್ಸ್‌ಮನ್‌ಗಳಿಗೆ ಆರ್ಡರ್ ಆಪ್: ಏನು ಮಾಡಬೇಕು, ಏನು ಬಿಡಬೇಕು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: “ನಮ್ಮ ಸೇಲ್ಸ್ ಹುಡುಗರು ಅಂಗಡಿ ಅಂಗಡಿಗೆ ಹೋಗಿ ಪುಸ್ತಕದಾಗ ಆರ್ಡರ್ ಬರಕೊಂಡು ಬರ್ತಾರ್ರಿ. ಅದನ್ನ ಮೊಬೈಲ್‌ನಾಗ ಮಾಡ್ರಿ ಅಂತ ಸಾವ್ಕಾರ್ರು ಹೇಳ್ಯಾರ. ಪಾಡ್ಯದೊಳಗ ಬೇಕಂತ. ಎಲ್ಲಿಂದ ಶುರು ಮಾಡ್ಲಿ?”

ದೀಪಾವಳಿ ಪಾಡ್ಯ ಅಂದರೆ ನಮ್ಮ ಕಡೆ ವ್ಯಾಪಾರಸ್ಥರು ಹೊಸ ಖಾತೆ ಪೂಜೆ ಮಾಡುವ ಹೊತ್ತು. ಗಡುವು ಅಲ್ಲಿಗೇ ಬಂದು ನಿಲ್ಲುತ್ತದೆ. ಇಲ್ಲದಿದ್ದರೆ ಏಪ್ರಿಲ್ 1. ಕೇಳುವವರ ಕೈಯಲ್ಲಿ ಸಾಮಾನ್ಯವಾಗಿ ಮೂರು ವಾರ ಉಳಿದಿರುತ್ತದೆ. ಮೂರು ವಾರ ಸಾಕಾ? ಒಂದೇ ಕೆಲಸ ಮಾಡುವ ಆಪ್‌ಗೆ ಸಾಕು. ಮೂರು ಕೆಲಸ ಮಾಡುವ ಆಪ್‌ಗೆ ಸಾಲುವುದಿಲ್ಲ.

ಲೆಕ್ಕ ಸುಲಭವಾಗಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹುಬ್ಬಳ್ಳಿಯ ಒಬ್ಬ ಡಿಸ್ಟ್ರಿಬ್ಯೂಟರ್. ಬಿಸ್ಕತ್ತು, ಸೋಪು, ಎಣ್ಣೆ ಮಾರುತ್ತಾರೆ. ಎಂಟು ಜನ ಸೇಲ್ಸ್‌ಮನ್. ಒಬ್ಬೊಬ್ಬರು ದಿನಕ್ಕೆ 35 ಅಂಗಡಿ, ಅಂಗಡಿಗೆ 10 ಐಟಂ. ಅಂದರೆ ದಿನಕ್ಕೆ 2800 ಸಾಲು ಆರ್ಡರ್. ಇಷ್ಟನ್ನೂ ಮೊದಲು ಪುಸ್ತಕದಲ್ಲಿ ಬರೆಯುತ್ತಾರೆ. ಸಂಜೆ ಆಫೀಸಿಗೆ ಬಂದು ಆಪರೇಟರ್ ಪಕ್ಕ ಕುಳಿತು ಓದಿ ಹೇಳುತ್ತಾರೆ. ಆಪರೇಟರ್ ಅದನ್ನು ಮತ್ತೆ ಟೈಪ್ ಮಾಡುತ್ತಾರೆ. ದಿನವೆಲ್ಲಾ ಬಿಸಿಲಲ್ಲಿ ತಿರುಗಿ ಬಂದವರು ರಾತ್ರಿವರೆಗೂ ಸರದಿ ಕಾಯಬೇಕು. ನೀವು ಮಾಡುವ ಆಪ್ ಮೊದಲು ಉಳಿಸಬೇಕಾದ್ದು ಆ ಸಂಜೆಯನ್ನು. ಸಾವ್ಕಾರ್ರ ರಿಪೋರ್ಟು ಆಮೇಲೆ. ಈ ಒಂದು ಮಾತು ತಲೆಯಲ್ಲಿದ್ದರೆ ಮುಂದಿನ ತೀರ್ಮಾನಗಳು ಅರ್ಧ ಸುಲಭ.

ಶುರು ಮಾಡುವ ಮೊದಲು ಏನೇನು ಬೇಕು

ಹೌದು ಅಥವಾ ಬೇಡ ಅನ್ನಲು ಒಬ್ಬರೇ ಒಬ್ಬರು ಬೇಕು. ತಂದೆ ಒಂದು ಹೇಳಿ, ಮಗ ಇನ್ನೊಂದು ಹೇಳಿ, ಮ್ಯಾನೇಜರ್ ಮೂರನೆಯದು ಹೇಳಿದರೆ ಮೂರು ವಾರ ಮಾತಿನಲ್ಲೇ ಮುಗಿಯುತ್ತದೆ. ಆಮೇಲೆ ಟ್ಯಾಲಿಯಿಂದ, ಅಂದರೆ ಆಫೀಸಿನಲ್ಲಿ ಲೆಕ್ಕ ಮತ್ತು ಬಿಲ್ ಮಾಡುವ ಸಾಫ್ಟ್‌ವೇರ್‌ನಿಂದ, ತೆಗೆದ ಐಟಂ ಪಟ್ಟಿ ಮತ್ತು ಅಂಗಡಿಗಳ ಪಟ್ಟಿ. ಪ್ರಯೋಗಕ್ಕೆ ಒಪ್ಪಿದ ಇಬ್ಬರು ಸೇಲ್ಸ್‌ಮನ್: ಒಬ್ಬರು ಮೊಬೈಲ್ ಚೆನ್ನಾಗಿ ಬಲ್ಲವರು, ಇನ್ನೊಬ್ಬರು ಫೋನ್ ಮಾಡಲು ಮತ್ತು ವಾಟ್ಸಾಪ್‌ಗೆ ಮಾತ್ರ ಬಳಸುವವರು. ಕೊನೆಗೆ ಅವರೆಲ್ಲರ ಪೈಕಿ ಅತಿ ಕಡಿಮೆ ಬೆಲೆಯ, ಹಳೆಯ ಫೋನ್ ಯಾವುದೋ ಅದು. ಆಪ್ ಅದರ ಮೇಲೆ ಓಡಬೇಕು. ನಿಮ್ಮ ಹೊಸ ಫೋನ್ ಮೇಲೆ ಓಡಿದರೆ ಏನೂ ಸಾಬೀತಾಗುವುದಿಲ್ಲ.

21 ದಿನಗಳನ್ನು ನಾನು ಹೀಗೆ ಹಂಚುತ್ತೇನೆ: ಕೆಲಸ ಗುರುತಿಸಿ ಸೇಲ್ಸ್‌ಮನ್ ಸುತ್ತುವ ದಾರಿ ನೋಡಲು 4 ದಿನ, ಪಟ್ಟಿ ಸರಿಮಾಡಲು 4, ಪರದೆಗಳಿಗೆ 3, ಕಟ್ಟಲು 6, ಪ್ರಯೋಗಕ್ಕೆ 4. ಕಟ್ಟುವ ದಿನಗಳು ಕಡಿಮೆ ಅನ್ನಿಸಬಹುದು. ಕಡಿಮೆಯೇ ಇರಲಿ. ಮೊದಲ 11 ದಿನ ಸರಿ ಹೋದರೆ ಕಟ್ಟಲು ಜಾಸ್ತಿ ಉಳಿಯುವುದಿಲ್ಲ.

1. ಒಂದೇ ಕೆಲಸ ಆರಿಸಿ, ಕಾಗದದ ಮೇಲೆ ಬರೆಸಿ

ಮೊದಲ ಮಾತುಕತೆಯಲ್ಲೇ ಬೇಡಿಕೆಗಳ ಮಳೆ ಸುರಿಯುತ್ತದೆ. ಆರ್ಡರ್, ವಸೂಲಿ, ಸ್ಟಾಕ್, ಮಾಲು ವಾಪಸ್, ಹಾಜರಿ, ಟಾರ್ಗೆಟ್, ಯಾರು ಎಲ್ಲಿದ್ದಾರೆ ಅನ್ನುವ ಮ್ಯಾಪ್. ಎಲ್ಲಾ ಬರೆದುಕೊಳ್ಳಿ, ಯಾವುದಕ್ಕೂ ಅಲ್ಲೇ ‘ಆಯ್ತು’ ಅನ್ನಬೇಡಿ. ಆಮೇಲೆ ಮೂರು ಕಾಲಂ ಎಳೆಯಿರಿ: ಬೇಕೇಬೇಕು, ಇದ್ದರೆ ಒಳ್ಳೇದು, ಈಗ ಬೇಡ. ‘ಬೇಕೇಬೇಕು’ ಕಾಲಂನಲ್ಲಿ ಒಂದೇ ವಾಕ್ಯ ಇರಲಿ: “ಅಂಗಡಿಯಲ್ಲಿ ನಿಂತು ಬರೆದ ಆರ್ಡರ್ ಅದೇ ಸಂಜೆ ತಪ್ಪಿಲ್ಲದೆ ಗೋಡೌನ್ ಮುಟ್ಟಬೇಕು, ಯಾರೂ ಮತ್ತೆ ಟೈಪ್ ಮಾಡಬಾರದು.” ಅದರ ಕೆಳಗೆ ಸಾವ್ಕಾರ್ರ ಸಹಿ ಹಾಕಿಸಿಕೊಳ್ಳಿ. ಇದು ಅಪನಂಬಿಕೆಯ ಮಾತಲ್ಲ. ಹತ್ತನೇ ದಿನ ಹೊಸ ಬೇಡಿಕೆ ಬಂದಾಗ ಇಬ್ಬರೂ ನೋಡಲು ಒಂದು ಹಾಳೆ ಇರಬೇಕು.

ಮೂರು ವಿಷಯಗಳಲ್ಲಿ ಗಟ್ಟಿಯಾಗಿ ನಿಲ್ಲಿ.

ಬಿಲ್ ಮಾಡುವುದನ್ನು ಆಪ್‌ಗೆ ತರಬೇಡಿ. ಜಿಎಸ್‌ಟಿ ನಿಯಮದ ಪ್ರಕಾರ ಬಿಲ್ ನಂಬರ್ ಸರಣಿ ತಪ್ಪದೆ ಸಾಗಬೇಕು, 16 ಅಕ್ಷರ ಮೀರಬಾರದು, ಒಂದು ಹಣಕಾಸು ವರ್ಷದಲ್ಲಿ ಒಂದು ನಂಬರ್ ಒಮ್ಮೆ ಮಾತ್ರ ಬರಬೇಕು. ಎಂಟು ಫೋನ್‌ಗಳು, ಅದರಲ್ಲೂ ನೆಟ್ ಇಲ್ಲದ ಫೋನ್‌ಗಳು, ಬಿಲ್ ನಂಬರ್ ಕೊಡಲು ಹೊರಟರೆ ಗೋಜಲು ಖಂಡಿತ. ಫೋನ್‌ನಲ್ಲಿ ಆಗುವುದು ಆರ್ಡರ್ ಚೀಟಿ. ಬಿಲ್ ಆಫೀಸಿನಲ್ಲಿ, ಟ್ಯಾಲಿಯಲ್ಲೇ ಆಗಲಿ. ಇ-ವೇ ಬಿಲ್ ಅಂದರೆ 50,000 ರೂಪಾಯಿ ಮೀರಿದ ಮಾಲು ಸಾಗಿಸುವಾಗ ಬೇಕಾದ ಸರ್ಕಾರಿ ಚೀಟಿ. ಅದೂ ಅಲ್ಲೇ.

ವಸೂಲಿ ಕೂಡ ಈಗ ಬೇಡ. ಆರ್ಡರ್ ತಪ್ಪಿದರೆ ಮಾಲು ವಾಪಸ್ ತರಬಹುದು. ವಸೂಲಿಯಲ್ಲಿ ಒಂದು ಸೊನ್ನೆ ತಪ್ಪಿದರೆ ಸೇಲ್ಸ್‌ಮನ್ ಮೇಲೆ ಅನುಮಾನ ಬರುತ್ತದೆ. ಹಳೇ ಬಾಕಿ ಎಷ್ಟಿದೆ ಅಂತ ತೋರಿಸಿದರೆ ಸಾಕು. ಅಂಗಡಿಯಲ್ಲಿ ನಿಂತಾಗ “ನಮ್ದು ಬಾಕಿ ಎಷ್ಟೈತಿ?” ಅಂತ ಕೇಳಿಯೇ ಕೇಳುತ್ತಾರೆ. ಉತ್ತರ ಕೈಯಲ್ಲಿದ್ದರೆ ಸೇಲ್ಸ್‌ಮನ್‌ಗೂ ಗೌರವ. ಜೊತೆಗೆ ‘ಇಂಥ ತಾರೀಖಿನವರೆಗೆ’ ಅನ್ನುವುದನ್ನು ತಪ್ಪದೆ ಬರೆಯಿರಿ. ನಿನ್ನೆ ಸಂಜೆ ಕಟ್ಟಿದ ದುಡ್ಡು ಇವತ್ತಿನ ಬಾಕಿಯಲ್ಲಿ ಕಳೆದಿರದಿದ್ದರೆ ಅಲ್ಲೇ ಜಗಳ.

ಮೂರನೆಯದು ಮ್ಯಾಪ್. ಸಾವ್ಕಾರ್ರಿಗೆ ಇದರ ಮೇಲೆ ತುಂಬಾ ಆಸೆ ಇರುತ್ತದೆ. ನನ್ನ ಅಭಿಪ್ರಾಯ ಸ್ಪಷ್ಟ: ಮೊದಲ ಆವೃತ್ತಿಯಲ್ಲಿ ಬೇಡ. ಆಪ್ ಬಂದ ದಿನವೇ ‘ಇದು ನಮ್ಮನ್ನ ಕಾಯೋಕೆ ಬಂದಿದೆ’ ಅಂತ ಹುಡುಗರಿಗೆ ಅನ್ನಿಸಿದರೆ, ಅದನ್ನು ಬಳಸದಿರಲು ನೂರು ದಾರಿ ಹುಡುಕುತ್ತಾರೆ. ಬ್ಯಾಟರಿಯೂ ಬೇಗ ಖಾಲಿ. ಮಧ್ಯಾಹ್ನ ಫೋನ್ ಸತ್ತರೆ ಆರ್ಡರ್ ಕೂಡ ಇಲ್ಲ.

2. ಬೀಟ್‌ಗೆ ಜೊತೆಯಲ್ಲಿ ಹೋಗಿ

ಬೀಟ್ ಅಂದರೆ ಒಬ್ಬ ಸೇಲ್ಸ್‌ಮನ್ ಒಂದು ದಿನ ಸುತ್ತುವ ಅಂಗಡಿಗಳ ದಾರಿ. ಎರಡು ಬೇರೆ ಬೇರೆ ಥರದ ಬೀಟ್ ನೋಡಿ. ಒಂದು ದುರ್ಗದಬೈಲ್ ಸುತ್ತಮುತ್ತ, ಅಂಗಡಿಗೆ ಅಂಗಡಿ ಅಂಟಿಕೊಂಡ ಜಾಗ. ಇನ್ನೊಂದು ಕುಂದಗೋಳ ಅಥವಾ ಕಲಘಟಗಿ ಕಡೆಯ ಹಳ್ಳಿ ದಾರಿ. ಪೇಟೆಯ ಅಂಗಡಿಯಲ್ಲಿ ಗಿರಾಕಿಗಳ ಗದ್ದಲ. ಹಳ್ಳಿಯಲ್ಲಿ ಸಿಗ್ನಲ್ ಬರುತ್ತದೆ, ಹೋಗುತ್ತದೆ. ಆಪ್ ಎರಡೂ ಕಡೆ ನಿಲ್ಲಬೇಕು.

ನೀವು ಮಾತಾಡುವುದು ಕಡಿಮೆ ಇರಲಿ. ನೋಡಿ. ಪುಸ್ತಕ ಯಾವ ಕೈಯಲ್ಲಿ ಹಿಡಿಯುತ್ತಾರೆ? ಅಂಗಡಿಕಾರ ಆರ್ಡರ್ ಹೇಳುವಾಗ ಐಟಂ ಪಟ್ಟಿಯ ಕ್ರಮದಲ್ಲಿ ಹೇಳುತ್ತಾನೋ, ಕಪಾಟು ನೋಡುತ್ತಾ ಹೇಳುತ್ತಾನೋ? ಬಹಳಷ್ಟು ಸಲ ಕಪಾಟು ನೋಡುತ್ತಲೇ ಹೇಳುತ್ತಾರೆ. ನಡುವೆ ಗಿರಾಕಿ ಬಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಸೇಲ್ಸ್‌ಮನ್ ಕಾಯುತ್ತಾನೆ, ಆಮೇಲೆ ನಿಂತಲ್ಲಿಂದ ಮುಂದುವರಿಸುತ್ತಾನೆ. ಅಂದರೆ ಪರದೆ ಆರಿಹೋಗಿ ಮತ್ತೆ ತೆರೆದಾಗ ಅರ್ಧ ಬರೆದ ಆರ್ಡರ್ ಹಾಗೇ ಇರಬೇಕು. ಲಾಗಿನ್ ಪರದೆ ಬಂದು ಪಾಸ್‌ವರ್ಡ್ ಕೇಳಿದರೆ ಅವತ್ತೇ ಪುಸ್ತಕಕ್ಕೆ ವಾಪಸ್ ಹೋಗುತ್ತಾರೆ.

ಇನ್ನೊಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ: “ಹೋದ ವಾರದ್ದ ಕೊಡ್ರಿ. ಅದೊಂದು ಬ್ಯಾಡ, ಇದು ಎರಡು ಡಜನ್ ಹಾಕ್ರಿ.” ಈ ಒಂದು ಮಾತು ನಿಮ್ಮ ಮುಖ್ಯ ಬಟನ್ ಯಾವುದು ಅಂತ ಹೇಳಿಬಿಟ್ಟಿತು. ‘ಹೋದ ಸಲದ ಆರ್ಡರ್’ ಒತ್ತಿದರೆ ಹಳೆಯ ಪಟ್ಟಿ ಹಾಗೇ ಬರಬೇಕು, ತಿದ್ದಿದರೆ ಮುಗಿಯಬೇಕು. ಆಫೀಸಿನಲ್ಲಿ ಕುಳಿತು ಮಾಡಿದ ಡಿಸೈನ್‌ನಲ್ಲಿ ಈ ಬಟನ್ ಇರುವುದೇ ಅಪರೂಪ.

ಅವರ ಅನುಮತಿ ಕೇಳಿ ಆರ್ಡರ್ ಪುಸ್ತಕದ ಕೆಲವು ಪುಟಗಳ ಫೋಟೋ ತೆಗೆದುಕೊಳ್ಳಿ. ಅಡ್ಡ ಗೆರೆ, ಸುತ್ತು ಹಾಕಿದ ಅಂಕಿ, ಅಂಚಿನಲ್ಲಿ ಬರೆದ ‘ಸೋಮವಾರ ಬೇಕು’, ‘ಹಳೇ ಡ್ಯಾಮೇಜ್ ಐತಿ’ ಇಂಥವನ್ನು ಗಮನಿಸಿ. ಅಂಚಿನಲ್ಲಿ ಬರೆದದ್ದಕ್ಕೆ ಆಪ್‌ನಲ್ಲಿ ಜಾಗ ಇಲ್ಲದಿದ್ದರೆ ಪುಸ್ತಕ ಹೋಗುವುದಿಲ್ಲ. ಒಂದು ಖಾಲಿ ‘ಟಿಪ್ಪಣಿ’ ಡಬ್ಬಿ ಇಟ್ಟರೆ ಸಾಕು.

3. ಪಟ್ಟಿಗಳನ್ನು ಸ್ವಚ್ಛ ಮಾಡಿ

ಎಲ್ಲರೂ ಅರ್ಧ ದಿನದ ಕೆಲಸ ಅಂದುಕೊಳ್ಳುವುದು ಇದನ್ನೇ. ನಾಲ್ಕು ದಿನ ಇಟ್ಟಿದ್ದೇನೆ, ಅಷ್ಟೂ ಬೇಕು. ಆಪ್ ಎಷ್ಟು ಚೆಂದ ಇದ್ದರೂ ಒಳಗಿನ ಪಟ್ಟಿ ಕೊಳಕಾಗಿದ್ದರೆ ಗೋಡೌನ್‌ನಿಂದ ತಪ್ಪು ಮಾಲು ಹೊರಡುತ್ತದೆ. ಈ ಮೂಲ ಪಟ್ಟಿಗೆ ‘ಮಾಸ್ಟರ್’ ಅನ್ನುತ್ತಾರೆ.

ಮೊದಲು ಐಟಂ ಮಾಸ್ಟರ್. ಅತಿ ಹೆಚ್ಚು ತಪ್ಪು ಬರುವುದು ಅಳತೆಯಲ್ಲಿ. ಪುಸ್ತಕದಲ್ಲಿ ‘2’ ಅಂತ ಬರೆದಿರುತ್ತಾರೆ. ಎರಡು ಪೀಸಾ, ಎರಡು ಡಜನ್ನಾ, ಎರಡು ಬಾಕ್ಸಾ? ಬರೆದವರಿಗೆ ಗೊತ್ತು, ಆಪರೇಟರ್‌ಗೂ ವರ್ಷಗಳ ಅಭ್ಯಾಸದಿಂದ ಗೊತ್ತು. ಆಪ್‌ಗೆ ಗೊತ್ತಿಲ್ಲ. ಹಾಗಾಗಿ ಪ್ರತಿ ಐಟಂಗೂ ಮೂರು ವಿಷಯ ಬರೆಸಿ: ಮಾರುವ ಅಳತೆ ಯಾವುದು, ಒಂದು ಬಾಕ್ಸಿಗೆ ಎಷ್ಟು ಪೀಸು, ಬಿಡಿ ಕೊಡುತ್ತಾರೋ ಇಲ್ಲವೋ. ಇದನ್ನು ಗೋಡೌನ್ ನೋಡಿಕೊಳ್ಳುವವರ ಜೊತೆ ಕುಳಿತು ಮಾಡಿ. ಅವರಿಗಿಂತ ಚೆನ್ನಾಗಿ ಬಲ್ಲವರು ಇಲ್ಲ.

ಬೆಲೆ ಮತ್ತು ತೆರಿಗೆ ದರ ಪ್ರೋಗ್ರಾಂ ಒಳಗೆ ಬರೆದಿಡಬೇಡಿ. ಪಟ್ಟಿಯಲ್ಲಿ ಒಂದು ಕಾಲಂ ಆಗಿರಲಿ. 2025ರ ಸೆಪ್ಟೆಂಬರ್ 22ರಂದು ಬಿಸ್ಕತ್ತು, ಮೈ ಸೋಪು, ಟೂತ್‌ಪೇಸ್ಟ್, ತಲೆಗೂದಲ ಎಣ್ಣೆಯ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ದರ ಪಟ್ಟಿಯಲ್ಲಿದ್ದರೆ ಒಂದು ಕಾಲಂ ಬದಲಿಸಿ ಮುಗಿಸಬಹುದು. ಪ್ರೋಗ್ರಾಂ ಒಳಗೆ ಹೂತಿಟ್ಟಿದ್ದರೆ ಪ್ರತಿ ಫೋನ್‌ಗೂ ಹೊಸ ಆವೃತ್ತಿ ಹಾಕುತ್ತಾ ಕೂರಬೇಕು. ಒಂದೇ ಐಟಂ ಹಳೇ ಎಂಆರ್‌ಪಿ ಮತ್ತು ಹೊಸ ಎಂಆರ್‌ಪಿಯಲ್ಲಿ ಒಟ್ಟಿಗೆ ಗೋಡೌನ್‌ನಲ್ಲಿರುವುದೂ ಉಂಟು. ಅವನ್ನು ಎರಡು ಸಾಲು ಮಾಡಿ, ಹೆಸರಿನ ಪಕ್ಕ ಎಂಆರ್‌ಪಿ ಕಾಣುವಂತೆ ಇಡಿ.

ಇನ್ನು ಅಂಗಡಿ ಮಾಸ್ಟರ್. ‘ಬಸವೇಶ್ವರ ಕಿರಾಣಿ’ ಅಂತ ಹುಡುಕಿದರೆ ಎಷ್ಟು ಊರಿನಲ್ಲಿ ಸಿಗಬಹುದು ಯೋಚಿಸಿ. ಅದೇ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಥರ ಬರೆದಿರುತ್ತಾರೆ. ಊರಿನ ಹೆಸರಿಗೂ ಅದೇ ಗತಿ. 2014ರ ನವೆಂಬರ್ 1ರಿಂದ ಹುಬ್ಬಳ್ಳಿಗೆ ಅಧಿಕೃತ ಇಂಗ್ಲಿಷ್ ಕಾಗುಣಿತ ಬದಲಾಗಿದೆ, ಹಳೇ ಪಟ್ಟಿಗಳಲ್ಲಿ ಇನ್ನೂ ಎರಡೂ ಇವೆ. ಹಾಗಾಗಿ ಪ್ರತಿ ಅಂಗಡಿಗೂ ಒಂದು ಕೋಡ್ ಕೊಡಿ: ಬೀಟ್ ನಂಬರ್, ಆಮೇಲೆ ದಾರಿಯಲ್ಲಿ ಬರುವ ಕ್ರಮ. ಆ ಕ್ರಮದಲ್ಲೇ ಪರದೆ ಮೇಲೆ ಬಂದರೆ ಹುಡುಕುವ ಕೆಲಸವೇ ಇಲ್ಲ. ಕ್ರಮಸಂಖ್ಯೆಗಳ ನಡುವೆ ಹತ್ತತ್ತು ಅಂತರ ಬಿಡಿ, ಹೊಸ ಅಂಗಡಿ ನಡುವೆ ಸೇರುತ್ತದೆ.

ಇಲ್ಲಿ ಕಾಲು ಜಾರುವ ಜಾಗಗಳು:

ಹಳೇ ಪಟ್ಟಿ ನುಡಿ ಅಥವಾ ಶ್ರೀಲಿಪಿಯ ಹಳೇ ಫಾಂಟ್‌ನಲ್ಲಿದ್ದರೆ ಫೋನ್‌ನಲ್ಲಿ ಅದು ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಮೊದಲು ಯೂನಿಕೋಡ್‌ಗೆ ಬದಲಿಸಿ. ಯೂನಿಕೋಡ್ ಅಂದರೆ ಎಲ್ಲಾ ಫೋನ್, ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಅಕ್ಷರ ಪದ್ಧತಿ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಿಟ್ಟು ಓದಿ, ತಪ್ಪುವುದು ಅಲ್ಲೇ.

ಎಕ್ಸೆಲ್‌ನಲ್ಲಿ ಬಾರ್‌ಕೋಡ್ ಕಾಲಂ ಕೆಡುತ್ತದೆ. ಭಾರತದ ಬಾರ್‌ಕೋಡ್‌ಗಳು 890ರಿಂದ ಶುರುವಾಗಿ 13 ಅಂಕಿ ಇರುತ್ತವೆ. ಎಕ್ಸೆಲ್ ಅದನ್ನು ದೊಡ್ಡ ಸಂಖ್ಯೆ ಅಂದುಕೊಂಡು 8.9ಇ+12 ಅಂತ ಕುಗ್ಗಿಸಿ ತೋರಿಸುತ್ತದೆ. ಅದೇ ರೂಪದಲ್ಲಿ ಸಿಎಸ್‌ವಿ ಮಾಡಿ ಉಳಿಸಿದರೆ ಕೊನೆಯ ಅಂಕಿಗಳು ಹೋದವು. ಸಿಎಸ್‌ವಿ ಅಂದರೆ ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾದಾ ಪಠ್ಯದ ಪಟ್ಟಿ. ‘007’ ಥರದ ಕೋಡ್ ಬರೀ 7 ಆಗುವುದೂ ಹೀಗೆಯೇ. ತುಂಬುವ ಮೊದಲೇ ಆ ಕಾಲಂಗಳನ್ನು ‘ಟೆಕ್ಸ್ಟ್’ ಮಾಡಿ. ಕನ್ನಡ ಇರುವ ಸಿಎಸ್‌ವಿ ಉಳಿಸುವಾಗ ಯೂನಿಕೋಡ್ ಅಕ್ಷರ ಕೆಡದಂತೆ ಉಳಿಸುವ ‘ಯುಟಿಎಫ್-8’ ಆಯ್ಕೆಯನ್ನೇ ಆರಿಸಿ.

4. ಪರದೆಗಳನ್ನು ಕಾಗದದ ಮೇಲೆ ಬರೆಯಿರಿ

ನಾಲ್ಕು ಪರದೆ ಸಾಕು. ಇಂದಿನ ಅಂಗಡಿಗಳು. ಆರ್ಡರ್ ತುಂಬುವುದು. ಒಮ್ಮೆ ನೋಡಿ ಖಚಿತ ಮಾಡುವುದು. ಕಳಿಸಿದ ಆರ್ಡರ್‌ಗಳು. ಐದನೆಯದು ಬೇಕು ಅನ್ನಿಸಿದರೆ ಒಂದನೇ ಹಂತದ ಹಾಳೆ ತೆಗೆದು ನೋಡಿ.

ಮೊದಲೇ ಕಂಪ್ಯೂಟರ್ ಮುಂದೆ ಕೂರಬೇಡಿ. ಫೋನ್ ಗಾತ್ರದ ಕಾಗದದ ತುಂಡುಗಳ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ. ಸೇಲ್ಸ್‌ಮನ್ ಕೈಗೆ ಕೊಟ್ಟು, ನೀವು ಅಂಗಡಿಕಾರರಾಗಿ ಆರ್ಡರ್ ಹೇಳಿ. ಎಲ್ಲಿ ಒತ್ತುತ್ತೀರಿ ಅಂತ ಕೇಳಿ. ಬೆರಳು ಎಲ್ಲಿ ತಡವರಿಸುತ್ತದೆಯೋ ಅಲ್ಲಿ ನಿಮ್ಮ ಡಿಸೈನ್ ತಪ್ಪಿದೆ, ಅವರು ತಪ್ಪಿಲ್ಲ. ಜೇಕಬ್ ನೀಲ್ಸನ್ ಅನ್ನುವ ತಜ್ಞರು 2000ದಲ್ಲೇ ಬರೆದಿದ್ದರು: ಐದು ಜನರ ಮುಂದೆ ಇಟ್ಟು ನೋಡಿದರೆ ಹೆಚ್ಚಿನ ತೊಡಕುಗಳು ಹೊರಬೀಳುತ್ತವೆ. ನಿಮ್ಮ ಹತ್ತಿರ ಎಂಟು ಜನ ಇದ್ದಾರೆ. ಐವರು ಸಿಕ್ಕರೂ ಸಾಕು. ಕಾಗದ ತಿದ್ದಲು ಐದು ನಿಮಿಷ, ಕಟ್ಟಿದ ಆಪ್ ತಿದ್ದಲು ಒಂದು ದಿನ.

ಬಟನ್ ದೊಡ್ಡದಿರಲಿ. ಆಂಡ್ರಾಯ್ಡ್‌ನ ಸಲಹೆ ಕನಿಷ್ಠ 48 ಡಿಪಿ, ಅಂದರೆ ಸುಮಾರು 9 ಮಿಲಿಮೀಟರ್. ಸ್ಕೂಟರ್ ಮೇಲೆ ಕುಳಿತು ಒಂದೇ ಕೈಯಲ್ಲಿ ಒತ್ತುವವರಿಗೆ ನಾನು ಇನ್ನೂ ಸ್ವಲ್ಪ ಜಾಸ್ತಿಯೇ ಕೊಡುತ್ತೇನೆ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ. ತಿಳಿ ಬೂದು ಅಕ್ಷರ ಆಫೀಸಿನಲ್ಲಿ ಚೆಂದ, ಏಪ್ರಿಲ್ ಬಿಸಿಲಿನಲ್ಲಿ ಕಾಣುವುದೇ ಇಲ್ಲ. ಕನ್ನಡ ಅಕ್ಷರಕ್ಕೆ ಸಾಲುಗಳ ನಡುವೆ ಜಾಗ ಹೆಚ್ಚು ಬೇಕು. ಇಂಗ್ಲಿಷಿಗೆ ಇಟ್ಟ ಅಂತರವನ್ನೇ ಬಿಟ್ಟರೆ ಕೆಳಗಿನ ಒತ್ತಕ್ಷರ ಕತ್ತರಿಸಿಹೋಗುತ್ತದೆ. ‘ಅಕ್ಕಿ’ ಅನ್ನುವುದು ‘ಅಕಿ’ ಆಗಿ ಕಾಣಬಾರದು, ಅಲ್ವಾ? ನೋಟೋ ಸಾನ್ಸ್ ಕನ್ನಡ ಉಚಿತ ಫಾಂಟ್, ಈ ಕೆಲಸಕ್ಕೆ ಚೆನ್ನಾಗಿದೆ.

ಭಾಷೆಯ ಬಗ್ಗೆ: ಬಟನ್‌ಗಳು ಕನ್ನಡದಲ್ಲಿರಲಿ, ಆದರೆ ಅವರು ಬಾಯಲ್ಲಿ ಆಡುವ ಕನ್ನಡದಲ್ಲಿ. ‘ಬೇಡಿಕೆ ಸಲ್ಲಿಸಿ’ ಬೇಡ, ‘ಆರ್ಡರ್ ಕಳಿಸಿ’ ಸಾಕು. ಉದ್ರಿ, ಬಾಕಿ, ಮಾಲು ವಾಪಸ್, ಸ್ಕೀಮ್ ಇವೆಲ್ಲಾ ಹಾಗೇ ಇರಲಿ. ಐಟಂ ಹೆಸರು ಪ್ಯಾಕೆಟ್ ಮೇಲೆ ಇರುವಂತೆಯೇ ಬರಲಿ. ಹುಡುಕುವ ಡಬ್ಬಿ ಮಾತ್ರ ಎರಡೂ ಲಿಪಿಗೆ ಉತ್ತರ ಕೊಡಬೇಕು. ಇದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಮಾಸ್ಟರ್‌ನಲ್ಲಿ ‘ಇತರ ಹೆಸರು’ ಅಂತ ಒಂದು ಕಾಲಂ ಇಟ್ಟು, ಅಂಗಡಿಯಲ್ಲಿ ಕರೆಯುವ ಹೆಸರುಗಳನ್ನು ತುಂಬಿ.

ಪ್ರಮಾಣ ತುಂಬುವಾಗ ಅಂಕಿಯ ಪಕ್ಕದಲ್ಲೇ ಅಳತೆ ಕಾಣಬೇಕು: ‘2 ಡಜನ್’. ಕೆಳಗೆ ಸಣ್ಣದಾಗಿ ‘24 ಪೀಸ್’. ‘10 ತಗೊಂಡರೆ 1 ಫ್ರೀ’ ಥರದ ಸ್ಕೀಮ್ ಇದ್ದರೆ ಫ್ರೀ ಬರುವ ಪೀಸನ್ನು ಬೇರೆ ಸಾಲಿನಲ್ಲಿ ತೋರಿಸಿ. ಅಂಗಡಿಕಾರರು ಫೋನ್ ಇಣುಕಿ ನೋಡುತ್ತಾರೆ. ಕಣ್ಣಿಗೆ ಕಂಡರೆ ನಂಬುತ್ತಾರೆ.

5. ಯಾವುದರಲ್ಲಿ ಕಟ್ಟುವುದು

ಮೂರು ದಾರಿಗಳಿವೆ. ಪ್ರೋಗ್ರಾಮಿಂಗ್ ಗೊತ್ತಿಲ್ಲದಿದ್ದರೆ ಗೂಗಲ್ ಶೀಟ್ ಮೇಲೆ ಆಪ್‌ಶೀಟ್. ಇದು ಗೂಗಲ್ 2020ರಲ್ಲಿ ಕೊಂಡ ಸಾಧನ, ಕೋಡ್ ಬರೆಯದೆ ಪಟ್ಟಿಯನ್ನೇ ಆಪ್ ಮಾಡಿಕೊಡುತ್ತದೆ, ನೆಟ್ ಇಲ್ಲದಾಗಲೂ ಕೆಲಸ ಮಾಡುವಂತೆ ಹೊಂದಿಸಬಹುದು. ಬಳಕೆಗೆ ಇಳಿದಾಗ ತಲೆಗೆ ಇಷ್ಟು ಅಂತ ತಿಂಗಳ ಹಣ ಕಟ್ಟಬೇಕು, ಮೊದಲೇ ಸಾವ್ಕಾರ್ರಿಗೆ ಹೇಳಿ. ಶೀಟ್‌ನಲ್ಲಿ ಒಟ್ಟು 1 ಕೋಟಿ ಚೌಕಗಳ ಮಿತಿ ಇದೆ. ನಮ್ಮ ಉದಾಹರಣೆಯ 2800 ಸಾಲು, ಸಾಲಿಗೆ 10 ಕಾಲಂ, ವರ್ಷಕ್ಕೆ 300 ದಿನ ಅಂದರೆ 84 ಲಕ್ಷ. ಅದಕ್ಕಿಂತ ಬಹಳ ಮೊದಲೇ ಶೀಟ್ ನಿಧಾನವಾಗುತ್ತದೆ. ತಿಂಗಳಿಗೊಮ್ಮೆ ಹಳೆಯದನ್ನು ಬೇರೆ ಫೈಲಿಗೆ ಸರಿಸಿ.

ಕೋಡ್ ಗೊತ್ತಿದ್ದರೆ ವೆಬ್ ಆಪ್ ಮಾಡಿ. ಕ್ರೋಮ್‌ನಲ್ಲಿ ತೆರೆದು ‘ಹೋಮ್ ಸ್ಕ್ರೀನ್‌ಗೆ ಸೇರಿಸಿ’ ಅಂದರೆ ಆಪ್‌ನಂತೆಯೇ ಐಕಾನ್ ಬರುತ್ತದೆ. ತಿದ್ದುಪಡಿ ಸರ್ವರ್‌ನಲ್ಲಿ, ಅಂದರೆ ಎಲ್ಲಾ ಫೋನ್‌ಗಳೂ ಸಂಪರ್ಕಿಸುವ ಮುಖ್ಯ ಕಂಪ್ಯೂಟರ್‌ನಲ್ಲಿ, ಮಾಡಿದರೆ ಎಲ್ಲರಿಗೂ ಹೋಗುತ್ತದೆ. ಕಡಿಮೆ ಸಮಯಕ್ಕೆ ನಾನು ಆರಿಸುವ ದಾರಿ ಇದು.

ಮೂರನೆಯದು ಪ್ಲೇ ಸ್ಟೋರ್‌ಗೆ ಹಾಕುವ ಆಪ್. ಇಲ್ಲಿ ಎಚ್ಚರ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಡೆವಲಪರ್ ಖಾತೆಯಾದರೆ, ಎಲ್ಲರಿಗೂ ಬಿಡುವ ಮೊದಲು ಕನಿಷ್ಠ 12 ಜನ ಸತತ 14 ದಿನ ಪರೀಕ್ಷಕರಾಗಿ ಇರಲೇಬೇಕು. ಸಂಸ್ಥೆಯ ಹೆಸರಿನ ಖಾತೆಗೆ ಡನ್ಸ್ ಅನ್ನುವ ವ್ಯಾಪಾರ ಗುರುತಿನ ನಂಬರ್ ಬೇಕು. ಮೂರು ವಾರದಲ್ಲಿ ಎರಡು ವಾರ ಇಲ್ಲಿಗೇ ಹೋದರೆ ಉಳಿದದ್ದು ಏನು? ಪ್ಲೇ ಸ್ಟೋರ್ ಹಬ್ಬ ಮುಗಿದ ಮೇಲೆ ನೋಡಿ.

6. ನೆಟ್ ಇಲ್ಲದಾಗ ಏನಾಗುತ್ತದೆ

ಕಟ್ಟುವ ಆರು ದಿನಗಳಲ್ಲಿ ಎರಡು ದಿನ ಇದಕ್ಕೇ ಕೊಡಿ. ನಿಯಮ ಒಂದೇ: ಆರ್ಡರ್ ಮೊದಲು ಫೋನ್‌ನಲ್ಲಿ ಉಳಿಯಬೇಕು, ಆಮೇಲೆ ಆಫೀಸಿಗೆ ಹೋಗಬೇಕು. ನೆಟ್ ಬಂದಾಗ ತಾನೇ ಹೋಗುವುದಕ್ಕೆ ‘ಸಿಂಕ್’ ಅನ್ನುತ್ತಾರೆ.

ಪ್ರತಿ ಆರ್ಡರ್ ಹುಟ್ಟುವಾಗಲೇ ಫೋನ್ ಅದಕ್ಕೊಂದು ಬೇರೆಲ್ಲೂ ಬರದ ಗುರುತು ಕೊಡಬೇಕು. ಯಾಕೆ ಅಂದರೆ, ಸಿಗ್ನಲ್ ಅರ್ಧದಲ್ಲಿ ಹೋದಾಗ ಆರ್ಡರ್ ಆಫೀಸು ಮುಟ್ಟಿರುತ್ತದೆ, ‘ಮುಟ್ಟಿತು’ ಅನ್ನುವ ಉತ್ತರ ಮಾತ್ರ ಫೋನ್‌ಗೆ ಬಂದಿರುವುದಿಲ್ಲ. ಫೋನ್ ಮತ್ತೆ ಕಳಿಸುತ್ತದೆ. ಗುರುತು ಒಂದೇ ಇದ್ದರೆ ಸರ್ವರ್ ‘ಇದು ಆಗಲೇ ಬಂದಿದೆ’ ಅಂತ ತಿಳಿದು ಸುಮ್ನಾಗುತ್ತದೆ. ಇಲ್ಲದಿದ್ದರೆ ಕುಂದಗೋಳದ ಅಂಗಡಿಗೆ ಎರಡು ಸಲ ಎಣ್ಣೆ ಬಾಕ್ಸ್ ಹೋಗುತ್ತದೆ.

ಪ್ರತಿ ಆರ್ಡರ್ ಪಕ್ಕ ಅದರ ಸ್ಥಿತಿ ಅಕ್ಷರದಲ್ಲಿ ಕಾಣಲಿ: ‘ಫೋನ್‌ನಲ್ಲಿದೆ’, ‘ಹೋಗುತ್ತಿದೆ’, ‘ಆಫೀಸು ಮುಟ್ಟಿದೆ’. ಬರೀ ಬಣ್ಣದ ಚುಕ್ಕೆ ಸಾಲದು. ಹಸಿರು-ಕೆಂಪು ವ್ಯತ್ಯಾಸ ಕಾಣದವರು ಇರುತ್ತಾರೆ. ಆರ್ಡರ್ ಬರೆದಾಗ ಇದ್ದ ಬೆಲೆಯನ್ನೂ ಆರ್ಡರ್ ಜೊತೆಗೇ ಉಳಿಸಿ, ಸಂಜೆ ಬೆಲೆ ಬದಲಾದರೂ ಅಂಗಡಿಯಲ್ಲಿ ಹೇಳಿದ ಮಾತು ದಾಖಲೆಯಲ್ಲಿರುತ್ತದೆ. ಫೋನ್‌ನ ಗಡಿಯಾರ ನಂಬಬೇಡಿ, ಸರ್ವರ್‌ಗೆ ಮುಟ್ಟಿದ ಸಮಯವನ್ನೂ ಬೇರೆ ಬರೆದಿಡಿ.

ಫೋನ್‌ನಲ್ಲಿ ಜಾಗ ಸಾಲದೆ ‘ಕ್ಲೀನರ್’ ಆಪ್ ಹಾಕಿಕೊಂಡವರು ಬಹಳ. ಕ್ರೋಮ್‌ನ ಡೇಟಾ ಅಳಿಸಿದರೆ ಕಳಿಸದ ಆರ್ಡರ್ ಕೂಡ ಹೋಗುತ್ತದೆ. ತರಬೇತಿಯಲ್ಲಿ ಇದನ್ನು ಮರೆಯದೆ ಹೇಳಿ. ಪರೀಕ್ಷೆ ಸುಲಭ: ಫ್ಲೈಟ್ ಮೋಡ್ ಹಾಕಿ, ಹತ್ತು ಆರ್ಡರ್ ಬರೆಯಿರಿ, ಫೋನ್ ಆಫ್ ಮಾಡಿ ಆನ್ ಮಾಡಿ, ನೆಟ್ ಕೊಡಿ. ಆಫೀಸಿನಲ್ಲಿ ಹತ್ತೇ ಕಾಣಬೇಕು. ಒಂಬತ್ತೂ ಅಲ್ಲ, ಹನ್ನೊಂದೂ ಅಲ್ಲ.

7. ಆಫೀಸಿನ ಕಡೆ

ಗೋಡೌನ್‌ಗೆ ಎರಡು ಪಟ್ಟಿ ಬೇಕು. ಐಟಂವಾರು ಒಟ್ಟು, ಮಾಲು ಎತ್ತಿಡಲು. ಅಂಗಡಿವಾರು, ಗಾಡಿಗೆ ಹಾಕಲು. ಎರಡೂ ಪ್ರಿಂಟ್ ಆಗುವಂತಿರಲಿ. ಟ್ಯಾಲಿಪ್ರೈಮ್ 4.0 ಅಥವಾ ಅದರ ನಂತರದ್ದಾದರೆ ಎಕ್ಸೆಲ್ ಫೈಲನ್ನೇ ಒಳಗೆ ತರಬಹುದು, ಹಳೆಯದಾದರೆ ಎಕ್ಸ್‌ಎಂಎಲ್ ಫೈಲ್ ಮಾಡಬೇಕು. ಎರಡರಲ್ಲೂ ಅಂಗಡಿ ಮತ್ತು ಐಟಂ ಹೆಸರು ಟ್ಯಾಲಿಯಲ್ಲಿರುವಂತೆಯೇ ಇರಬೇಕು. ಒಂದು ಸ್ಪೇಸ್ ಹೆಚ್ಚಿದ್ದರೂ ಹೊಂದುವುದಿಲ್ಲ. ಮೊದಲು ಟ್ಯಾಲಿ ಕಂಪನಿಯ ಒಂದು ಬ್ಯಾಕಪ್ ಪ್ರತಿಯ ಮೇಲೆ ಮಾಡಿ ನೋಡಿ, ನಿಜವಾದ ಪುಸ್ತಕದ ಮೇಲೆ ಬೇಡ.

ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಕೊಡಿ. ಅವರವರ ಬೀಟ್‌ನ ಅಂಗಡಿ, ಬಾಕಿ ಮಾತ್ರ ಅವರಿಗೆ ಕಾಣಲಿ. ಫೋನ್ ಕಳೆದರೆ ಆಫೀಸಿನಿಂದಲೇ ಆ ಲಾಗಿನ್ ಮುಚ್ಚುವಂತಿರಬೇಕು. ಅಂಗಡಿಕಾರರ ಫೋನ್ ನಂಬರ್ ವೈಯಕ್ತಿಕ ಮಾಹಿತಿ, 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಅದಕ್ಕೂ ಅನ್ವಯ. ಬೇಡದ ಮಾಹಿತಿ ಕೇಳಲೇಬೇಡಿ.

8. ಮೊದಲು ಇಬ್ಬರ ಬೀಟ್‌ನಲ್ಲಿ ಮಾತ್ರ ಪ್ರಯೋಗ

ಎಂಟೂ ಜನಕ್ಕೆ ಒಟ್ಟಿಗೆ ಕೊಡಬೇಡಿ. ಮೊದಲು ಆರಿಸಿದ ಇಬ್ಬರಿಗೆ ಮಾತ್ರ. ಎರಡು ದಿನ ಪುಸ್ತಕದಲ್ಲೂ ಬರೆಯಲಿ, ಆಪ್‌ನಲ್ಲೂ ಹಾಕಲಿ. ಇದು ಅವರಿಗೆ ಹೆಚ್ಚಿನ ಕೆಲಸ. ಆ ಎರಡು ದಿನ ಅಂಗಡಿ ಸಂಖ್ಯೆ ಕಡಿಮೆ ಮಾಡಿಸಿ, ಅವರ ಟಾರ್ಗೆಟ್‌ಗೆ ಪೆಟ್ಟು ಬೀಳದಂತೆ ಸಾವ್ಕಾರ್ರ ಜೊತೆ ಮೊದಲೇ ಮಾತಾಡಿ. ಸಂಜೆ ಪುಸ್ತಕ ಮತ್ತು ಆಪ್ ಪಕ್ಕಪಕ್ಕ ಇಟ್ಟು ಸಾಲು ಸಾಲು ಹೊಂದಿಸಿ. ಹೊಂದದ ಪ್ರತಿ ಸಾಲಿಗೂ ಕಾರಣ ಬರೆಯಿರಿ: ಅಳತೆ ತಪ್ಪಾ, ಐಟಂ ತಪ್ಪಾ, ಅಂಗಡಿ ತಪ್ಪಾ? ಮೂರನೇ ದಿನ ತಿದ್ದಿ, ನಾಲ್ಕನೇ ದಿನ ಆಪ್ ಮಾತ್ರ.

ಹಬ್ಬದ ವಾರದಲ್ಲಿ ಶುರು ಮಾಡುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಆ ವಾರ ಆರ್ಡರ್ ಜಾಸ್ತಿ, ತಾಳ್ಮೆ ಕಡಿಮೆ. ಗಡುವು ಪಾಡ್ಯವಾದರೆ ನಿಮ್ಮ 21 ದಿನ ಅದಕ್ಕೆ ಒಂದು ವಾರ ಮೊದಲೇ ಮುಗಿಯಬೇಕು. ಅಷ್ಟು ಸಮಯ ಇಲ್ಲದಿದ್ದರೆ ಪಾಡ್ಯಕ್ಕೆ ಎರಡು ಬೀಟ್ ಮಾತ್ರ ಶುರು ಮಾಡಿ, ಉಳಿದವು ಹಬ್ಬ ಮುಗಿದ ಮೇಲೆ. ಸಾವ್ಕಾರ್ರು ಇದಕ್ಕೆ ಒಪ್ಪುತ್ತಾರೆ. ಹಬ್ಬದ ವ್ಯಾಪಾರ ಕೆಡುವುದು ಅವರಿಗೂ ಬೇಡ.

9. ಕಲಿಸುವುದು ಮತ್ತು ಮೊದಲ ವಾರ

ಎಲ್ಲರನ್ನೂ ಕೂರಿಸಿ ಪರದೆ ಮೇಲೆ ತೋರಿಸಿದರೆ ತಲೆ ಆಡಿಸುತ್ತಾರೆ, ಪ್ರಶ್ನೆ ಕೇಳುವುದಿಲ್ಲ. ಇಬ್ಬಿಬ್ಬರನ್ನೇ ಕರೆಯಿರಿ. ಫೋನ್ ಅವರ ಕೈಯಲ್ಲಿರಲಿ, ನಿಮ್ಮ ಕೈ ಹಿಂದೆ ಇರಲಿ. ಪ್ರಯೋಗ ಮಾಡಿದ ಇಬ್ಬರೇ ಉಳಿದವರಿಗೆ ಕಲಿಸಿದರೆ ಇನ್ನೂ ಒಳ್ಳೇದು. ವಯಸ್ಸಾದವರನ್ನು ಮೊದಲು ಕರೆಯಿರಿ. ಇಪ್ಪತ್ತು ವರ್ಷ ಅದೇ ಬೀಟ್ ಮಾಡಿದ ಹಿರಿಯರಿಗೆ ಹುಡುಗರ ಮುಂದೆ ತಡವರಿಸುವುದು ಬೇಸರದ ವಿಷಯ. “ಕಾಕಾ, ನೀವು ಒಂದ್ಸಲ ಮಾಡಿ ನೋಡ್ರಿ, ಎಲ್ಲಿ ತ್ರಾಸ ಆಗ್ತದ ಹೇಳ್ರಿ” ಅಂತ ಕೇಳಿದರೆ ನಿಮಗೆ ಗೊತ್ತಿಲ್ಲದ ನಾಲ್ಕು ವಿಷಯ ಅವರೇ ಹೇಳುತ್ತಾರೆ.

ಮೊದಲ ವಾರ ಬೆಳಿಗ್ಗೆ ಹತ್ತರಿಂದ ಸಂಜೆವರೆಗೆ ಒಬ್ಬರು ಫೋನ್ ಎತ್ತಲು ಸಿದ್ಧರಿರಬೇಕು. ವಾಟ್ಸಾಪ್ ಗುಂಪಿನಲ್ಲಿ ಬರೆಯಿರಿ ಅನ್ನಬೇಡಿ, ವಾಯ್ಸ್ ಮೆಸೇಜ್ ಕಳಿಸಿ ಅನ್ನಿ. ತೊಂದರೆ ಬಂದ ಪರದೆಯ ಸ್ಕ್ರೀನ್‌ಶಾಟ್ ತೆಗೆಯುವುದನ್ನೂ ಕಲಿಸಿ. ಈ ವಾರ ತಪ್ಪುಗಳನ್ನು ಮಾತ್ರ ತಿದ್ದಿ. ಹೊಸ ಬೇಡಿಕೆ ಬಂದರೆ ‘ಇದ್ದರೆ ಒಳ್ಳೇದು’ ಕಾಲಂಗೆ ಸೇರಿಸಿ. ತಿದ್ದಿದ್ದನ್ನು ಮಧ್ಯಾಹ್ನ ಬಿಡಬೇಡಿ, ಎಲ್ಲರ ಆರ್ಡರ್ ಮುಟ್ಟಿದ ಮೇಲೆ ರಾತ್ರಿ ಬಿಡಿ.

ಆರ್ಡರ್ ಪುಸ್ತಕ ಸೇಲ್ಸ್‌ಮನ್ ಚೀಲದಲ್ಲೇ ಇರಲಿ. ಫೋನ್ ಸತ್ತರೆ, ಮಳೆಗೆ ಒದ್ದೆಯಾದರೆ ಅದರಲ್ಲೇ ಬರೆಯಬೇಕು. ಅದನ್ನು ವಾಪಸ್ ಪಡೆಯಲು ಆತುರ ಬೇಡ. ಪ್ರತಿ ಸಂಜೆ ಎರಡು ವಿಷಯ ಬರೆದಿಡಿ: ಕೊನೆಯ ಸೇಲ್ಸ್‌ಮನ್ ಮನೆಗೆ ಹೊರಟದ್ದು ಎಷ್ಟು ಗಂಟೆಗೆ, ತಪ್ಪಾಗಿ ವಾಪಸ್ ಬಂದ ಮಾಲು ಎಷ್ಟು. ದಿನದಿಂದ ದಿನಕ್ಕೆ ಬೇಗ ಹೊರಡುತ್ತಿದ್ದರೆ, ವಾಪಸ್ ಬರುವ ಮಾಲು ಹೆಚ್ಚಾಗದಿದ್ದರೆ, ‘ಇದ್ದರೆ ಒಳ್ಳೇದು’ ಕಾಲಂ ತೆಗೆದುಕೊಂಡು ಸಾವ್ಕಾರ್ರ ಮುಂದೆ ಕೂರಬಹುದು. ಅಲ್ಲಿಂದ ಮುಂದೆ ಸೇರಿಸುವುದಾದರೆ ಮೊದಲು ಮಾಲು ವಾಪಸ್ ಸೇರಿಸಿ, ಆಮೇಲೆ ವಸೂಲಿ.